ಬಿಟ್ಟ ಸ್ಥಳ ತುಂಬುವ ಮಾತು

ನಾಲ್ಕು ಜನ ಗೆಳೆಯರು ಒಂದೆಡೆ ಸೇರಿ ಸಿನಿಮಾ, ಟೆಲಿವಿಷನ್ ಧಾರಾವಾಹಿ, ಕಾಮಿಕ್ಸ್, ವಿಡಿಯೊ ಆಟ ಇವುಗಳ ವಿಷಯ ಮಾತನಾಡುತ್ತ ಕುಳಿತರೆಂದರೆ ಮನೆಯ ಹಿರಿಯರಿಗೆ ಒಂದು ಬಗೆಯ ಬೇಸರ. ನೋಡಿದ್ದು ಸಾಲದೆಂದು ಅದರ ಮೇಲೆ ಮಾತು ಬೇರೆಯೇ ಎಂದು ಅವರು ಗೊಣಗುತ್ತಾರೆ. ನೋಡುವುದರಲ್ಲಿ ಒಂದು ಗಂಟೆ ಹಾಳು, ಮಾತನಾಡುವುದರಲ್ಲಿ ಎರಡು ಗಂಟೆ ಹಾಳು ಎಂಬುದು ಅವರ ಲೆಕ್ಕ. ಈ ಲೆಕ್ಕದ ಮೊದಲ ಭಾಗವನ್ನು ಕುರಿತು ನಾನು ಈಗ ವಾದಿಸುವುದಿಲ್ಲ. ಎರಡನೆಯ ಭಾಗ ಮಾತ್ರ ಸರಿಯಲ್ಲವೆಂದು ನನಗೆ ತೋರುತ್ತದೆ. ಏಕೆ ಸರಿಯಲ್ಲ ಎಂಬುದನ್ನು ಕೆಲವು ನಿಮಿಷಗಳ ಕಾಲ ಕೇಳುಗರ ಮುಂದಿಡಬೇಕೆಂದಿದ್ದೇನೆ.

ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ 'ಬಿಟ್ಟ ಸ್ಥಳ ತುಂಬಿರಿ' ಎಂಬ ಪ್ರಶ್ನೆಯಿರುತ್ತದೆ. ನಾನು ಹೇಳಿದ ಈ ನಾಲ್ಕು ಜನಪ್ರಿಯ ಕಲೆಗಳೂ ತಮ್ಮ ತಮ್ಮ ರೀತಿಯಲ್ಲಿ ಕೆಲವು ಸ್ಥಳಗಳನ್ನು ಬಿಟ್ಟೇ ಕಥೆ ಹೇಳುತ್ತವೆ. ಒಂದು ಕಲೆ ಬಿಟ್ಟ ಸ್ಥಳ ಇನ್ನೊಂದು ಕಲೆ ಬಿಟ್ಟ ಸ್ಥಳದಂತಿರುವುದಿಲ್ಲ. ಅದನ್ನು ತುಂಬುವ ಕೆಲಸ ನೋಡುಗನದು, ಓದುಗನದು, ಆಡುವವನದು. ಆದರೆ ಒಬ್ಬನೇ ತುಂಬಿದಾಗ ಅದು ಅವನ ಊಹೆಯಾಗಿಯೇ ಉಳಿಯುತ್ತದೆ. ನಾಲ್ವರು ಕೂಡಿ ತುಂಬಿದಾಗ ಅದಕ್ಕೊಂದು ಪರೀಕ್ಷೆ ನಡೆಯುತ್ತದೆ. ಆ ಪರೀಕ್ಷೆಗೆ ದೊಡ್ಡವರ ಭಾಷೆಯಲ್ಲಿ ವಿಮರ್ಶೆ ಎಂದು ಹೆಸರು. ಗೆಳೆಯರ ಭಾಷೆಯಲ್ಲಿ ಹರಟೆ ಎಂದು ಹೆಸರು.

ನಾವು ಐವರು ಗೆಳೆಯರು ವಾರಕ್ಕೊಮ್ಮೆ ಸೇರುತ್ತೇವೆ. ಒಬ್ಬರು ಪ್ರೌಢಶಾಲೆಯಲ್ಲಿ ಗಣಿತ ಹೇಳುವವರು, ಒಬ್ಬರು ಔಷಧದ ಅಂಗಡಿ ನಡೆಸುವವರು, ಇನ್ನೊಬ್ಬರು ಬ್ಯಾಂಕಿನಿಂದ ನಿವೃತ್ತರಾದವರು. ಐದನೆಯವನು ನಮ್ಮೆಲ್ಲರಿಗಿಂತ ಮೂವತ್ತು ವರ್ಷ ಚಿಕ್ಕವನು. ಗಣಿತದ ಮೇಷ್ಟ್ರ ಹಳೆಯ ಶಿಷ್ಯ, ಕಂಪ್ಯೂಟರ್ ಉದ್ಯೋಗದವನು. ನಮ್ಮ ಮಾತು ಎಲ್ಲಿಂದ ಹೊರಟರೂ ಕೊನೆಗೆ ಬಂದು ಸೇರುವುದು ಈ ನಾಲ್ಕು ಸಂಗತಿಗಳಲ್ಲಿ ಒಂದಕ್ಕೆ. ಈ ಕೂಟದಲ್ಲಿ ಕುಳಿತು ಕೇಳುತ್ತ ನನಗೊಂದು ವಿಷಯ ಗಮನಕ್ಕೆ ಬಂತು. ಕಾಮಿಕ್ಸ್ ಕುರಿತು ನಾವು ಆಡುವ ಮಾತಿನ ಧಾಟಿ ಒಂದು, ಸಿನಿಮಾ ಕುರಿತದ್ದು ಇನ್ನೊಂದು. ಧಾರಾವಾಹಿಯದು ಬೇರೆ, ಆಟದ್ದು ಬೇರೆ. ಈ ವ್ಯತ್ಯಾಸಕ್ಕೆ ಕಾರಣವನ್ನು ಹುಡುಕಹೊರಟಾಗಲೇ ಬಿಟ್ಟ ಸ್ಥಳದ ಈ ವಿಚಾರ ನನಗೆ ಹೊಳೆದದ್ದು.

ಮೊದಲು ಕಾಮಿಕ್ಸನ್ನು ತೆಗೆದುಕೊಳ್ಳೋಣ. ಅದರಲ್ಲಿ ಬಿಟ್ಟ ಸ್ಥಳ ಕಣ್ಣಿಗೇ ಕಾಣುತ್ತದೆ. ಒಂದು ಚೌಕಕ್ಕೂ ಮುಂದಿನ ಚೌಕಕ್ಕೂ ನಡುವೆ ಬೆರಳಗಲಕ್ಕಿಂತಲೂ ಕಿರಿದಾದ ಬಿಳಿಯ ಪಟ್ಟಿಯಿದೆ. ಕಥೆ ಮುಂದುವರಿಯುವುದು ಆ ಪಟ್ಟಿಯಲ್ಲಿ. ಅಮೆರಿಕದ ಚಿತ್ರಕಾರ ಸ್ಕಾಟ್ ಮೆಕ್ಲೌಡ್ ಕಾಮಿಕ್ಸ್ ಕಲೆಯನ್ನು ಕುರಿತು 1993ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಅದನ್ನು ಕಾಮಿಕ್ಸ್ ರೂಪದಲ್ಲಿಯೇ ಬರೆದದ್ದು ಅದರ ವಿಶೇಷ. ಅದರಲ್ಲಿ ಅವನು ಕೊಡುವ ಉದಾಹರಣೆ ಇದು: ಒಂದು ಚೌಕದಲ್ಲಿ ಒಬ್ಬ ಕೊಡಲಿ ಎತ್ತಿ ನಿಂತಿದ್ದಾನೆ, ಮುಂದಿನ ಚೌಕದಲ್ಲಿ ರಾತ್ರಿಯ ನಗರ, ಆಕಾಶದಲ್ಲಿ ಒಂದು ಚೀತ್ಕಾರ. ಕೊಡಲಿ ಬಿದ್ದದ್ದನ್ನು ಚಿತ್ರಕಾರ ಬರೆದೇ ಇಲ್ಲ. ಬೀಳಿಸಿದವನು ಓದುಗ. ಎಲ್ಲಿಗೆ ಬಿತ್ತು, ಎಷ್ಟು ಬಲವಾಗಿ ಬಿತ್ತು ಎಂಬುದೆಲ್ಲ ಓದುಗನ ಮನಸ್ಸಿನಲ್ಲಿಯೇ ತೀರ್ಮಾನವಾಗುತ್ತದೆ. ಕಾಮಿಕ್ಸ್ ಓದುವವರು ಸುಮ್ಮನೆ ಪುಟ ತಿರುವುತ್ತಾರೆಂದು ತಿಳಿದವರು ಈ ಉದಾಹರಣೆಯನ್ನು ಒಮ್ಮೆ ಯೋಚಿಸಬೇಕು.

ನಮ್ಮ ದೇಶದಲ್ಲಿ ಕಾಮಿಕ್ಸ್ ಬೆಳೆದ ಕಥೆಯೂ ಸ್ವಾರಸ್ಯವಾದದ್ದು. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ 1964ರಲ್ಲಿ ಇಂದ್ರಜಾಲ ಕಾಮಿಕ್ಸ್ ಮಾಲೆಯನ್ನು ಆರಂಭಿಸಿತು. ಅದು 1990ರವರೆಗೆ ನಡೆಯಿತು. ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಅದು ಬಂತು. ಲೀ ಫಾಕ್ 1936ರಲ್ಲಿ ಸೃಷ್ಟಿಸಿದ ಫ್ಯಾಂಟಮ್ ಅದರ ಮುಖ್ಯ ನಾಯಕ. ಮೂಲದಲ್ಲಿ ಫ್ಯಾಂಟಮ್ಮನ ಕಾಡಿನ ಹೆಸರು ನಮ್ಮ ಬಂಗಾಳವನ್ನು ನೆನಪಿಸುವಂತಿತ್ತು. ಅವನ ವೈರಿಗಳಾದ ಕಡಲ್ಗಳ್ಳರಿಗೆ ಸಿಂಗ್ ಎಂಬ ಹೆಸರಿತ್ತು. ಭಾರತದ ಮುದ್ರಣದಲ್ಲಿ ಕಾಡು ಡೆಂಕಾಲಿಯಾಯಿತು, ಕಡಲ್ಗಳ್ಳರು ಸಿಂಗಾ ಎನಿಸಿಕೊಂಡರು. ಇಲ್ಲಿಯ ಓದುಗರ ಮನಸ್ಸಿಗೆ ನೋವಾಗಬಾರದೆಂಬುದು ಈ ಬದಲಾವಣೆಯಿಂದಲೇ ಸ್ಪಷ್ಟವಾಗುತ್ತದೆ. ಬ್ಯಾಂಕಿನ ಗೆಳೆಯರ ಬಳಿ ಈ ಮಾಲೆಯ ಹಳೆಯ ಸಂಚಿಕೆಗಳ ಒಂದು ಕಟ್ಟು ಇದೆ. ಡೆಂಕಾಲಿ ಎಲ್ಲಿದೆ, ಆಫ್ರಿಕದಲ್ಲೋ ಏಷ್ಯದಲ್ಲೋ ಎಂದು ಅವರು ಹುಡುಗರಾಗಿದ್ದಾಗ ನಡೆಸಿದ ವಾದವನ್ನು ಇಂದಿಗೂ ಮುಗಿಸಿಲ್ಲ. ಈ ವಾದದ ತಳದಲ್ಲಿ ಒಂದು ಗಂಭೀರವಾದ ಪ್ರಶ್ನೆಯೇ ಇದೆ: ಬಿಳಿಯನೊಬ್ಬ ಕಾಡಿನ ಜನಕ್ಕೆಲ್ಲ ರಕ್ಷಕನಾಗಿ ನಿಲ್ಲುವ ಕಥೆ ನಮಗೆ ಅಷ್ಟು ಪ್ರಿಯವಾದದ್ದು ಹೇಗೆ? ಹೆಸರು ಬದಲಾಯಿಸಿದವರು ಈ ಪ್ರಶ್ನೆಯನ್ನು ಬದಲಾಯಿಸಲಿಲ್ಲ. ಅದು ಎದ್ದದ್ದು ಗೆಳೆಯರ ಮಾತಿನಲ್ಲಿ.

ಇಂದ್ರಜಾಲದ ಕೆಲಸದಲ್ಲಿ ತೊಡಗಿದ್ದವರಲ್ಲಿ ಒಬ್ಬರು ಅನಂತ ಪೈ. 1929ರಲ್ಲಿ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಅವರು 1967ರಲ್ಲಿ ದೆಹಲಿಯಲ್ಲಿ ಟೆಲಿವಿಷನ್ನಿನ ಒಂದು ರಸಪ್ರಶ್ನೆ ಕಾರ್ಯಕ್ರಮ ನೋಡಿದರಂತೆ. ಗ್ರೀಕ್ ದೇವತೆಗಳ ಬಗ್ಗೆ ಉತ್ತರ ಹೇಳಿದ ವಿದ್ಯಾರ್ಥಿಗಳು ರಾಮನ ತಾಯಿ ಯಾರು ಎಂಬ ಪ್ರಶ್ನೆಗೆ ಮೌನವಾದರು. ಅಮರ ಚಿತ್ರಕಥಾ ಮಾಲೆಯ ಹಿಂದಿನ ಪ್ರೇರಣೆಯನ್ನು ಪೈಯವರು ಹೀಗೆ ವಿವರಿಸುತ್ತಿದ್ದರು. ಇಂಗ್ಲಿಷಿನ ಮಾಲೆ ಹನ್ನೊಂದನೆಯ ಸಂಖ್ಯೆಯ 'ಕೃಷ್ಣ'ದಿಂದ ಆರಂಭವಾಗುತ್ತದೆ. ಮೊದಲಿನ ಹತ್ತು ಸಂಖ್ಯೆಗಳು ಪಾಶ್ಚಾತ್ಯ ಕಿನ್ನರ ಕಥೆಗಳು. ಅವು ಮೊದಲು ಬಂದದ್ದು ಕನ್ನಡದಲ್ಲಿ, 1965ರಲ್ಲಿ. ಒಂದು ಟೆಲಿವಿಷನ್ ಕಾರ್ಯಕ್ರಮ ಬಿಟ್ಟ ಸ್ಥಳವನ್ನು ಒಂದು ಕಾಮಿಕ್ಸ್ ಮಾಲೆ ತುಂಬಹೊರಟಿತೆಂದು ಇದನ್ನು ಹೇಳಬಹುದು. ಈ ಕಲೆಗಳು ಒಂದರ ಮನೆಯಿಂದ ಒಂದು ಬೆಂಕಿ ತರುವ ನೆರೆಹೊರೆಯವರು.

ಇನ್ನು ಸಿನಿಮಾ. ಕಾಮಿಕ್ಸ್ ಓದುವಾಗ ಕಾಲ ನಮ್ಮ ಕೈಯಲ್ಲಿರುತ್ತದೆ; ಬೇಕೆಂದರೆ ಹಿಂದಿನ ಪುಟಕ್ಕೆ ಹೋಗಬಹುದು. ಚಿತ್ರಮಂದಿರದ ಕತ್ತಲಲ್ಲಿ ಕಾಲ ನಿರ್ದೇಶಕನ ಕೈಯಲ್ಲಿದೆ. ಆದರೂ ಅಲ್ಲಿಯೂ ಒಂದು ಬಿಟ್ಟ ಸ್ಥಳವಿದೆ. 1920ರ ಆಸುಪಾಸಿನಲ್ಲಿ ರಷ್ಯದ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದ. ಒಬ್ಬ ನಟನ ನಿರ್ವಿಕಾರವಾದ ಮುಖದ ಒಂದೇ ಚಿತ್ರಿಕೆಯನ್ನು ತೆಗೆದುಕೊಂಡು ಅದರ ಪಕ್ಕಕ್ಕೆ ಒಮ್ಮೆ ಸಾರಿನ ಬಟ್ಟಲು, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಒಬ್ಬ ಹೆಂಗಸು, ಹೀಗೆ ಜೋಡಿಸಿ ತೋರಿಸಿದ. ನೋಡಿದವರು ನಟನ ಹಸಿವನ್ನು, ದುಃಖವನ್ನು, ಆಸೆಯನ್ನು ಮೆಚ್ಚಿಕೊಂಡರಂತೆ. ಮುಖ ಮಾತ್ರ ಮೂರು ಸಲವೂ ಅದೇ. ಭಾವ ಇದ್ದದ್ದು ಎರಡು ಚಿತ್ರಿಕೆಗಳ ನಡುವಿನ ಕತ್ತರಿಪ್ರಯೋಗದಲ್ಲಿ. ತಂದು ಹಾಕಿದವರು ಪ್ರೇಕ್ಷಕರು. ನಾವು ಸಿನಿಮಾ ಬಿಟ್ಟು ಹೊರಬಂದೊಡನೆ 'ಅವನ ಮುಖದಲ್ಲಿ ನೋಡಿದೆಯಾ' ಎಂದು ಆರಂಭಿಸುತ್ತೇವಲ್ಲ, ಆ ಮಾತಿನ ಮೂಲ ಇಲ್ಲಿದೆ. ಒಬ್ಬನಿಗೆ ಕಂಡದ್ದು ಇನ್ನೊಬ್ಬನಿಗೆ ಕಂಡಿರುವುದಿಲ್ಲ. ಒಳಗೆ ಹಿಂದಕ್ಕೆ ತಿರುಗಿಸಲಾಗದ ಕಾಲವನ್ನು ಹೊರಗೆ ಕಾಫಿಯ ಮುಂದೆ ಕುಳಿತು ನಾವು ಹಿಂದಕ್ಕೆ ತಿರುಗಿಸುತ್ತೇವೆ.

ಇದಕ್ಕೆ ಜಗತ್ಪ್ರಸಿದ್ಧವಾದ ನಿದರ್ಶನವೊಂದಿದೆ. 'ಸ್ಟಾರ್ ವಾರ್ಸ್' ಸರಣಿಯ ಎರಡನೆಯ ಚಿತ್ರ ಬಂದದ್ದು 1980ರಲ್ಲಿ. ಅದರ ಕೊನೆಯ ಭಾಗದಲ್ಲಿ ಖಳನಾದ ಡಾರ್ತ್ ವೇಡರ್ ನಾಯಕನಿಗೆ ತಾನೇ ಅವನ ತಂದೆ ಎಂದು ಹೇಳುತ್ತಾನೆ. ಈ ಗುಟ್ಟು ಮೊದಲೇ ಬಯಲಾಗಬಾರದೆಂದು ಚಿತ್ರೀಕರಣದ ಸಮಯದಲ್ಲಿ ಬೇರೊಂದು ಸುಳ್ಳು ಮಾತನ್ನು ಆಡಿಸಿ, ನಿಜವಾದ ಮಾತನ್ನು ಧ್ವನಿಮುದ್ರಣದಲ್ಲಿ ಸೇರಿಸಿದರು. ಮುಂದಿನ ಚಿತ್ರ ಬಂದದ್ದು 1983ರಲ್ಲಿ. ಮೂರು ವರ್ಷಗಳ ಕಾಲ ಒಂದೇ ಪ್ರಶ್ನೆ: ಖಳ ಹೇಳಿದ್ದು ನಿಜವೋ ಸುಳ್ಳೋ? ಅದು ಸುಳ್ಳೆಂದು ವಾದಿಸಿದವರ ಪಕ್ಷದಲ್ಲಿಯೂ ಬಲವಿತ್ತು. ಖಳರು ಸುಳ್ಳು ಹೇಳುವುದು ಲೋಕರೂಢಿ. ನಿಜವೆಂದವರು ಹಿಂದಿನ ಚಿತ್ರದ ಸಣ್ಣಪುಟ್ಟ ಸಂಗತಿಗಳನ್ನು ಹೆಕ್ಕಿ ಸಾಕ್ಷ್ಯ ಒದಗಿಸಬೇಕಾಯಿತು. ಕಥೆಯೊಂದರ ಒಳಗಿನಿಂದಲೇ ಆಧಾರ ತೆಗೆದು ವಾದಿಸುವುದನ್ನು ನಮ್ಮ ಕಾಲೇಜುಗಳಲ್ಲಿ ಎರಡು ವರ್ಷ ಕಷ್ಟಪಟ್ಟು ಕಲಿಸುತ್ತೇವೆ. ಆ ಹುಡುಗರು ಯಾರೂ ಹೇಳಿಕೊಡದೆ ಅದನ್ನು ಬೀದಿಯಲ್ಲಿ ನಿಂತು ಕಲಿತರು.

ಟೆಲಿವಿಷನ್ ಬಿಡುವ ಸ್ಥಳ ಇನ್ನೂ ವಿಚಿತ್ರವಾದದ್ದು. ಅದು ಬಿಟ್ಟದ್ದು ಒಂದು ವಾರ. ಕಂತಿನ ಕೊನೆಯಲ್ಲಿ ಬಾಗಿಲು ತಟ್ಟಿದ ಶಬ್ದವಾಗುತ್ತದೆ. ಬಂದವರು ಯಾರೆಂದು ತಿಳಿಯಲು ಏಳು ದಿನ ಕಾಯಬೇಕು. ಆ ಏಳು ದಿನ ಕಥೆ ನಮ್ಮ ಬಸ್ಸಿನಲ್ಲಿ, ಕಚೇರಿಯಲ್ಲಿ, ನಲ್ಲಿಯ ಬಳಿಯಲ್ಲಿ ವಾಸಮಾಡುತ್ತದೆ. 1980ರ ಮಾರ್ಚ್ 21ರಂದು ಅಮೆರಿಕದ 'ಡಲ್ಲಾಸ್' ಧಾರಾವಾಹಿಯಲ್ಲಿ ಜೆ.ಆರ್. ಎಂಬ ಪಾತ್ರಕ್ಕೆ ಯಾರೋ ಗುಂಡು ಹಾರಿಸಿದರು. ನಟರ ಮುಷ್ಕರದಿಂದಾಗಿ ವಿಳಂಬವಾಗಿ, ಹಾರಿಸಿದವರು ಯಾರೆಂದು ಪ್ರೇಕ್ಷಕರಿಗೆ ತಿಳಿದದ್ದು ಅದೇ ವರ್ಷದ ನವೆಂಬರ್ 21ರಂದು. ಎಂಟು ತಿಂಗಳ ಕಾಲ ಒಂದು ದೇಶವೆಲ್ಲ, ಹಲವು ಪರದೇಶಗಳೂ, ಈ ಒಂದು ಬಿಟ್ಟ ಸ್ಥಳವನ್ನು ತುಂಬುತ್ತ ಕುಳಿತವು.

ನಮ್ಮಲ್ಲಿ 1984ರ ಜುಲೈ 7ರಂದು ಆರಂಭವಾದ 'ಹಮ್ ಲೋಗ್' ಧಾರಾವಾಹಿಯ ಪ್ರತಿ ಕಂತಿನ ಕೊನೆಯಲ್ಲಿ ಹಿರಿಯ ನಟ ಅಶೋಕ್ ಕುಮಾರ್ ಬಂದು ಅಂದಿನ ಕಥೆಯನ್ನು ಕುರಿತು ನಾಲ್ಕು ಮಾತು ಆಡುತ್ತಿದ್ದರು. ಕಥೆ ನೋಡಿದ ಮೇಲೆ ಅದರ ಬಗ್ಗೆ ಮಾತನಾಡಬೇಕೆಂಬ ಮನುಷ್ಯಸಹಜವಾದ ಆಸೆಯನ್ನು ಆ ಧಾರಾವಾಹಿ ಚೆನ್ನಾಗಿ ಅರಿತಿತ್ತು. ಗೆಳೆಯನೊಬ್ಬನನ್ನು ಪೆಟ್ಟಿಗೆಯೊಳಗೇ ಕೂರಿಸಿತ್ತು. 1987ರ ಜನವರಿ 25ರಿಂದ ರಮಾನಂದ ಸಾಗರರ 'ರಾಮಾಯಣ' ಭಾನುವಾರದ ಬೆಳಗ್ಗೆ ಬರತೊಡಗಿದಾಗ ಬೀದಿಗಳು ಖಾಲಿಯಾಗುತ್ತಿದ್ದುದನ್ನು ಕಂಡವರು ಇನ್ನೂ ಇದ್ದಾರೆ. ಅಲ್ಲಿ 'ಮುಂದೇನು' ಎಂಬ ಪ್ರಶ್ನೆಯೇ ಇರಲಿಲ್ಲ. ಮುಂದೇನೆಂದು ಎಲ್ಲರಿಗೂ ಗೊತ್ತು. ಆದರೂ ವಾರವೆಲ್ಲ ಮಾತು. ಕೈಕೇಯಿಯನ್ನು ಹೀಗೆ ತೋರಿಸಬಹುದಿತ್ತೇ, ಮಂಥರೆಗೆ ಇಷ್ಟು ಹೊತ್ತು ಕೊಡಬೇಕಾಗಿತ್ತೇ ಎಂಬ ಚರ್ಚೆ. ಕಥೆ ತಿಳಿದಿದ್ದರೂ ಹೇಳುವ ರೀತಿಯಲ್ಲಿ ಒಂದು ಸ್ಥಳ ಬಿಟ್ಟಿರುತ್ತದೆ. ತಾಳಮದ್ದಳೆ ನೋಡಿದವರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ವಾಲಿ ಸಾಯುತ್ತಾನೆಂದು ಸಭೆಗೆಲ್ಲ ಗೊತ್ತು. ಸಾಯುವ ಮುನ್ನ ರಾಮನಿಗೆ ಈ ರಾತ್ರಿ ಏನೇನು ಪ್ರಶ್ನೆ ಹಾಕುತ್ತಾನೆಂದು ಕೇಳಲು ಜನ ಕೂತಿರುತ್ತಾರೆ.

ಅದೇ ದಶಕದಲ್ಲಿ ಶಂಕರ್‌ನಾಗ್ ಆಗುಂಬೆಯನ್ನು ಮಾಲ್ಗುಡಿಯನ್ನಾಗಿ ಮಾಡಿದರು. ಆರ್.ಕೆ. ನಾರಾಯಣ್ ಕಾಗದದ ಮೇಲೆ ಕಟ್ಟಿದ ಊರಿಗೆ ಅವರ ತಮ್ಮ ಆರ್.ಕೆ. ಲಕ್ಷ್ಮಣ್ ರೇಖೆ ಕೊಟ್ಟಿದ್ದರು. ಶಂಕರ್‌ನಾಗ್ ಮಳೆ ಕೊಟ್ಟರು. ನಾರಾಯಣರ ಮಾಲ್ಗುಡಿಯನ್ನು ಮೊದಲೇ ಓದಿದ್ದವರು ಇದು ತಮ್ಮ ಮಾಲ್ಗುಡಿಯಲ್ಲವೆಂದು ಜಗಳ ತೆಗೆದರೆ, ಮೊದಲು ನೋಡಿ ಅನಂತರ ಓದಿದವರಿಗೆ ಆಗುಂಬೆಯಲ್ಲದ ಮಾಲ್ಗುಡಿಯೇ ಇಲ್ಲ. ನಮ್ಮ ಕೂಟದಲ್ಲಿ ಎರಡೂ ಪಕ್ಷದವರಿದ್ದಾರೆ. ಇವರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವ ಅಗತ್ಯವಿಲ್ಲ. ಊರು ಎಂಬುದು ಮಾತಿನಲ್ಲಿ ಒಂದಾಗಿ, ಗೆರೆಯಲ್ಲಿ ಒಂದಾಗಿ, ಬಿಂಬದಲ್ಲಿ ಒಂದಾಗಿ ಇರುತ್ತದೆಂಬ ತಿಳಿವು ಆ ಜಗಳದಿಂದಲೇ ನಮಗೆ ಬಂತು.

ಕೊನೆಯದು ವಿಡಿಯೊ ಆಟ. ಹಿರಿಯರ ಕೋಪವೆಲ್ಲ ಹೆಚ್ಚಾಗಿ ಇದರ ಮೇಲೆಯೇ. ಇದರಲ್ಲಿ ಬಿಟ್ಟ ಸ್ಥಳ ಯಾವುದು? ಉಳಿದ ಮೂರು ಕಲೆಗಳಲ್ಲಿ ನಾವು ತುಂಬುವುದು ಅರ್ಥವನ್ನು. ಇದರಲ್ಲಿ ತುಂಬುವುದು ಕ್ರಿಯೆಯನ್ನು. ಆಡುವವನು ಕೈ ಆಡಿಸದಿದ್ದರೆ ಇಲ್ಲಿ ಕಥೆಯೇ ಇಲ್ಲ. ಆಟಗಾರನಿಗೆ ನಿಯಮಗಳನ್ನು ಪೂರ್ತಿಯಾಗಿ ಹೇಳಿರುವುದೂ ಇಲ್ಲ. ಸೋತು ಸೋತು ತಿಳಿದುಕೊಳ್ಳಬೇಕು.

ಜಪಾನಿನ ತೊಮೊಹಿರೊ ನಿಶಿಕಾಡೊ 1978ರಲ್ಲಿ ಮಾಡಿದ 'ಸ್ಪೇಸ್ ಇನ್ವೇಡರ್ಸ್' ಆಟದಲ್ಲಿ ಐವತ್ತೈದು ಆಕಾಶಜೀವಿಗಳು ಸಾಲಾಗಿ ಕೆಳಗಿಳಿಯುತ್ತವೆ. ಒಂದೊಂದಾಗಿ ಹೊಡೆಯುತ್ತ ಹೋದಂತೆ ಉಳಿದವು ವೇಗವಾಗಿ ಚಲಿಸುತ್ತವೆ. ಇದು ಮೊದಲು ಉದ್ದೇಶಪಟ್ಟು ಮಾಡಿದ್ದಲ್ಲ. ಆ ಕಾಲದ ಯಂತ್ರದ ಶಕ್ತಿ ಕಡಿಮೆ. ಪರದೆಯ ಮೇಲೆ ಚಿತ್ರಗಳು ಕಡಿಮೆಯಾದಂತೆ ಅದು ಅವುಗಳನ್ನು ಬೇಗಬೇಗ ಬರೆಯಬಲ್ಲದಾಯಿತು. ನಿಶಿಕಾಡೊ ಇದನ್ನು ಗಮನಿಸಿ, ಇದರಿಂದ ಆಟಕ್ಕೆ ಉಸಿರು ಬಿಗಿಹಿಡಿಯುವ ಗುಣ ಬಂದಿದೆಯೆಂದು ಹಾಗೆಯೇ ಉಳಿಸಿಕೊಂಡ. ಯಂತ್ರದ ದೌರ್ಬಲ್ಯ ಕಲೆಯ ಲಯವಾಯಿತು. 1980ರ 'ಪ್ಯಾಕ್‌ಮ್ಯಾನ್' ಆಟದಲ್ಲಿ ನಾಲ್ಕು ಭೂತಗಳು ನಾಯಕನನ್ನು ಅಟ್ಟುತ್ತವೆ. ಅದರ ಕರ್ತೃ ತೋರು ಇವಾತಾನಿ ನಾಲ್ಕಕ್ಕೂ ನಾಲ್ಕು ಸ್ವಭಾವ ಕೊಟ್ಟಿದ್ದಾನೆ. ಒಂದು ನೇರವಾಗಿ ಬೆನ್ನುಹತ್ತುತ್ತದೆ. ಒಂದು ಮುಂದಿನ ದಾರಿಗೆ ಅಡ್ಡಗಟ್ಟಲು ನೋಡುತ್ತದೆ. ಒಂದು ಹತ್ತಿರ ಬಂದಂತೆ ಹಿಂಜರಿದು ತನ್ನ ಮೂಲೆಗೆ ಹೊರಟುಬಿಡುತ್ತದೆ. ಪರದೆ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆಡುತ್ತ ಆಡುತ್ತ ಒಬ್ಬ ಹುಡುಗ 'ಆ ಕಿತ್ತಳೆಯದು ಪುಕ್ಕಲು ಕಣೋ' ಎಂದು ಇನ್ನೊಬ್ಬನಿಗೆ ಹೇಳಿದಾಗ ಅದೊಂದು ಪಾತ್ರವಿಮರ್ಶೆ.

ಗೆಳೆಯರ ಮಾತಿಲ್ಲದೆ ಮುಗಿಸಲೇ ಆಗದಂಥ ಆಟವೊಂದು 1984ರಲ್ಲಿ ಜಪಾನಿನಲ್ಲಿ ಬಂತು. 'ಟವರ್ ಆಫ್ ಡ್ರುವಾಗ' ಎಂದು ಅದರ ಹೆಸರು. ಮಸನೊಬು ಎಂಡೊ ಎಂಬವನ ಸೃಷ್ಟಿ. ಅರವತ್ತು ಅಂತಸ್ತಿನ ಗೋಪುರ. ಅಂತಸ್ತು ಅಂತಸ್ತಿನಲ್ಲಿ ಅಡಗಿದ ನಿಧಿ ಕಾಣಿಸಿಕೊಳ್ಳಬೇಕಾದರೆ ಏನು ಮಾಡಬೇಕೆಂಬುದನ್ನು ಆಟ ಎಲ್ಲಿಯೂ ಹೇಳುವುದಿಲ್ಲ. ಒಬ್ಬನೇ ಹುಡುಕಹೊರಟರೆ ಜೇಬಿನ ನಾಣ್ಯವೂ ಉಳಿಯದು, ಆಯುಷ್ಯವೂ ಸಾಲದು. ಆಟದ ಅಂಗಡಿಗಳಲ್ಲಿ ಒಂದು ನೋಟ್‌ಪುಸ್ತಕ ಇಟ್ಟಿರುತ್ತಿದ್ದರು. ಒಬ್ಬ ಕಂಡುಕೊಂಡದ್ದನ್ನು ಅದರಲ್ಲಿ ಬರೆದುಹೋಗುವನು. ಮಾರನೆಯ ದಿನ ಇನ್ನೊಬ್ಬ ಓದಿ, ಮುಂದಿನ ಅಂತಸ್ತಿಗೆ ಹೋಗಿ, ತನ್ನ ಸಾಲೊಂದನ್ನು ಸೇರಿಸುವನು. ಮುಖಪರಿಚಯವೂ ಇಲ್ಲದವರು ಕೂಡಿ ಒಂದು ಗ್ರಂಥವನ್ನೇ ರಚಿಸಿದರು. ವಿಡಿಯೊ ಆಟ ಮನುಷ್ಯನನ್ನು ಒಂಟಿಯಾಗಿಸುತ್ತದೆಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಆ ನೋಟ್‌ಪುಸ್ತಕ ನೆನಪಾಗುತ್ತದೆ. ಒಂಟಿತನ ಆಟದಲ್ಲಿಲ್ಲ, ಆಡುವ ಏರ್ಪಾಟಿನಲ್ಲಿದೆ.

ಈ ನಾಲ್ಕು ಕಲೆಗಳೂ ಒಂದರಿಂದೊಂದು ಎರವಲು ಪಡೆಯುತ್ತವೆಂದು ಹೇಳಿದೆನಷ್ಟೆ. ನಮ್ಮ ಹರಟೆಯಲ್ಲಿ ಅತ್ಯಂತ ರುಚಿಯಾದ ಭಾಗ ಈ ಗಡಿ ದಾಟುವ ಕಥೆಗಳದ್ದು. ನಿಂಟೆಂಡೊ ಸಂಸ್ಥೆ 1981ರಲ್ಲಿ ಪತ್ರಿಕೆಗಳ ಚಿತ್ರಮಾಲೆಯ ನಾಯಕನಾದ ಪಾಪಾಯನನ್ನು ಇಟ್ಟುಕೊಂಡು ಆಟವೊಂದನ್ನು ಮಾಡಬೇಕೆಂದಿತ್ತು. ಅನುಮತಿ ದೊರೆಯಲಿಲ್ಲ. ತರುಣ ಶಿಗೆರು ಮಿಯಾಮೊಟೊ ಪಾಪಾಯ್, ಅವನ ಧಡೂತಿ ವೈರಿ, ಇಬ್ಬರಿಗೂ ಬೇಕಾದ ಹೆಣ್ಣು ಎಂಬ ತ್ರಿಕೋನವನ್ನು ಮಾತ್ರ ಉಳಿಸಿಕೊಂಡು ಒಬ್ಬ ಬಡಗಿ, ಒಂದು ಕೋತಿ, ಒಬ್ಬ ಯುವತಿಯನ್ನು ತಂದ. 'ಡಾಂಕಿ ಕಾಂಗ್' ಹುಟ್ಟಿತು. ಆ ಬಡಗಿಯೇ ಮುಂದೆ ಮಾರಿಯೊ ಎಂದು ಲೋಕಪ್ರಸಿದ್ಧನಾದ. ಅಷ್ಟರಲ್ಲಿ ಯೂನಿವರ್ಸಲ್ ಚಿತ್ರಸಂಸ್ಥೆ ಇದು ತನ್ನ 'ಕಿಂಗ್ ಕಾಂಗ್' ಚಿತ್ರದ ಅನುಕರಣೆಯೆಂದು ನ್ಯಾಯಾಲಯಕ್ಕೆ ಹೋಗಿ ಸೋತಿತು. ಕಿಂಗ್ ಕಾಂಗ್ ಕಥೆ ಯಾರ ಸೊತ್ತೂ ಅಲ್ಲವೆಂದು 1970ರ ದಶಕದಲ್ಲಿ ಬೇರೊಂದು ವ್ಯಾಜ್ಯದಲ್ಲಿ ಅದೇ ಸಂಸ್ಥೆ ವಾದಿಸಿದ್ದುದು ಅದಕ್ಕೇ ತಿರುಗುಬಾಣವಾಯಿತು. ಇನ್ನು ಬಾನುಲಿಯೂ ಈ ಬಳಗದಿಂದ ಹೊರಗಿನದಲ್ಲ. ಸೂಪರ್‌ಮ್ಯಾನನ ಶಕ್ತಿಯನ್ನು ಕುಂದಿಸುವ ಕ್ರಿಪ್ಟೊನೈಟ್ ಎಂಬ ಹರಳು ಕಾಮಿಕ್ಸ್ ಪುಟಗಳಿಗೆ ಬಂದದ್ದು 1949ರಲ್ಲಿ. ಅದಕ್ಕೂ ಆರು ವರ್ಷ ಮೊದಲು, 1943ರಲ್ಲಿಯೇ, ರೇಡಿಯೊ ಧಾರಾವಾಹಿಯಲ್ಲಿ ಅದು ಹುಟ್ಟಿತ್ತು. ಯಾರ ಕಣ್ಣಿಗೂ ಕಾಣದ ಹರಳನ್ನು ಕೇಳುಗರು ಕಿವಿಯಿಂದಲೇ ಕಂಡಿದ್ದರು.

ಕನ್ನಡದಲ್ಲಿಯೂ ಇಂಥ ಪ್ರಯಾಣವಿದೆ. ಇಂಗ್ಲೆಂಡಿನ ಜೇಮ್ಸ್ ಬಾಂಡ್ ಕಾದಂಬರಿಯಿಂದ ಸಿನಿಮಾಕ್ಕೆ ಬಂದ. 1968ರ 'ಜೇಡರ ಬಲೆ'ಯಲ್ಲಿ ದೊರೆ-ಭಗವಾನ್ ಜೋಡಿ ಆ ಮಾದರಿಯನ್ನು ಕನ್ನಡಕ್ಕೆ ತಂದು ರಾಜ್‌ಕುಮಾರರನ್ನು ಸಿ.ಐ.ಡಿ. 999 ಮಾಡಿತು. 1995ರ ಬಾಂಡ್ ಚಿತ್ರ 'ಗೋಲ್ಡನ್ ಐ' 1997ರಲ್ಲಿ ವಿಡಿಯೊ ಆಟವಾಯಿತು. ಆಟ ಸಿದ್ಧವಾಗುತ್ತಿದ್ದ ಕೊನೆಯ ತಿಂಗಳುಗಳಲ್ಲಿ ನಾಲ್ವರು ಒಟ್ಟಿಗೆ ಆಡುವ ಒಂದು ಭಾಗವನ್ನು ಅದಕ್ಕೆ ಸೇರಿಸಿದರು. ಜನ ಹೆಚ್ಚಾಗಿ ನೆನಪಿಟ್ಟುಕೊಂಡದ್ದು ಅದನ್ನೇ. ಒಂದೇ ಟೆಲಿವಿಷನ್ನಿನ ಪರದೆ ನಾಲ್ಕು ಪಾಲಾಗಿ, ನಾಲ್ವರೂ ಒಂದೇ ಚಾಪೆಯ ಮೇಲೆ ಕುಳಿತು ಒಬ್ಬರನ್ನೊಬ್ಬರು ಬೇಟೆಯಾಡಬೇಕು. ಪಕ್ಕದವನ ಪಾಲನ್ನು ಕದ್ದು ನೋಡಿದರೆ ಅವನು ಎಲ್ಲಿ ಅಡಗಿದ್ದಾನೆಂದು ತಿಳಿದುಹೋಗುತ್ತದೆ. ಅದು ಮೋಸವೇ ಅಲ್ಲವೇ ಎಂಬ ವಾದ ಆಟಕ್ಕಿಂತ ಹೆಚ್ಚು ಹೊತ್ತು ನಡೆಯುತ್ತದೆ. ಔಷಧದ ಅಂಗಡಿಯ ಗೆಳೆಯರು ಒಮ್ಮೆ ನಮ್ಮ ತರುಣ ಮಿತ್ರನನ್ನು ಕೇಳಿದರು: 'ನಿನ್ನ ಬಾಂಡ್ ಕೊಲ್ಲುವುದು ಬಿಟ್ಟು ಏನು ಮಾಡುತ್ತಾನೆ? ನಮ್ಮ 999 ಹಾಡೂ ಹೇಳುತ್ತಿದ್ದ, ಅವನಿಗೆ ಮಾನ ಮರ್ಯಾದೆಯ ಚಿಂತೆಯೂ ಇತ್ತು.' ಅವನ ಉತ್ತರ ನನಗೆ ಹಿಡಿಸಿತು: 'ಸಾರ್, ನಿಮ್ಮ 999 ಮರ್ಯಾದಸ್ಥ ಎಂದು ನಿರ್ದೇಶಕರು ನಿಶ್ಚಯಿಸಿದ್ದರು. ಆಟದಲ್ಲಿ ಮರ್ಯಾದಸ್ಥನಾಗಿರಬೇಕೋ ಬೇಡವೋ ಎಂದು ನಾನು ನಿಶ್ಚಯಿಸಬೇಕು.' ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಒಂದು ಕಲೆಗೂ ಇನ್ನೊಂದು ಕಲೆಗೂ ಇರುವ ಭೇದವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಸಾಹಿತ್ಯಾಸಕ್ತರಿಗೆ ಈ ಬಗೆಯ ಮಾತು ಹೊಸದಾಗಿರಬೇಕಾಗಿಲ್ಲ. ಪಂಪ ವ್ಯಾಸಭಾರತವನ್ನು ತೆಗೆದುಕೊಂಡು ಅರ್ಜುನನಲ್ಲಿ ಅರಿಕೇಸರಿಯನ್ನು ಕಂಡದ್ದು, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಹೆಂಡತಿಯನ್ನಾಗಿಸಿದ್ದು, ಇದರಿಂದ ಕಾವ್ಯಕ್ಕಾದ ಲಾಭವೇನು ನಷ್ಟವೇನು ಎಂದು ನಾವು ತಲೆಮಾರುಗಳಿಂದ ಚರ್ಚಿಸುತ್ತಿದ್ದೇವೆ. ಕಥೆಯೊಂದು ಒಂದು ಕೈಯಿಂದ ಇನ್ನೊಂದು ಕೈಗೆ ಹೋದಾಗ ಏನು ಉಳಿಯಿತು, ಏನು ಕಳೆಯಿತು ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ಪಂಪನ ಕಾವ್ಯಕ್ಕೂ ಕೋತಿಯ ಆಟಕ್ಕೂ ಬೆಲೆ ಒಂದೇ ಎಂದು ನಾನು ಹೇಳುತ್ತಿಲ್ಲ. ಪ್ರಶ್ನೆ ಕೇಳುವ ಅಭ್ಯಾಸ ಒಂದೇ ಎನ್ನುತ್ತೇನೆ. ಆ ಅಭ್ಯಾಸ ಎಲ್ಲಿಯೋ ಒಂದು ಕಡೆ ಹುಡುಗರಿಗೆ ಬಂದರೆ ಸಾಕು. ಅದು ಪಂಪನ ಬಾಗಿಲಿಗೂ ಒಂದು ದಿನ ಬಂದು ತಟ್ಟೀತು.

ಈ ಮಾತಿಗೆ ದೋಷಗಳಿಲ್ಲವೆಂದಲ್ಲ. ನಾಯಕನನ್ನು ದೇವರಾಗಿಸಿಕೊಂಡವರ ನಡುವೆ ಚರ್ಚೆ ಸಾಧ್ಯವಿಲ್ಲ. ಅಲ್ಲಿ ಭಜನೆ ಮಾತ್ರ ಸಾಧ್ಯ. ಯಾರು ದೊಡ್ಡವನು, ಇವನೋ ಅವನೋ ಎಂಬ ಪ್ರಶ್ನೆ ಹರಟೆಯ ಶತ್ರು, ಏಕೆಂದರೆ ಅದಕ್ಕೆ ಉತ್ತರವಿಲ್ಲ, ಕೋಪವಿದೆ. ಹೆಚ್ಚು ನೋಡಿದವನು ಕಡಿಮೆ ನೋಡಿದವನನ್ನು ಹೀನಾಯವಾಗಿ ಕಾಣುವುದೂ ಉಂಟು. ಇನ್ನೊಬ್ಬರು ನೋಡುವ ಮುನ್ನವೇ ಕಥೆ ಒಡೆದು ಹೇಳಿ ಬೀಗುವವರೂ ಇದ್ದಾರೆ. ಒಳ್ಳೆಯ ಹರಟೆಯಲ್ಲಿ 'ಹೇಗೆ' ಮತ್ತು 'ಏಕೆ' ಎಂಬ ಎರಡು ಮಾತುಗಳು ಹೆಚ್ಚಾಗಿ ಕೇಳಿಸುತ್ತವೆ. ಅಷ್ಟೇ ಅದರ ಗುರುತು.

ಆದರೆ ನನ್ನ ಕಳವಳ ಈ ದೋಷಗಳನ್ನು ಕುರಿತದ್ದಲ್ಲ. ಮಾತೇ ಇಲ್ಲವಾಗುವ ಒಂದು ಸಾಧ್ಯತೆಯನ್ನು ಕುರಿತದ್ದು. 2013ರ ಫೆಬ್ರವರಿ 1ರಂದು ನೆಟ್‌ಫ್ಲಿಕ್ಸ್ ಸಂಸ್ಥೆ 'ಹೌಸ್ ಆಫ್ ಕಾರ್ಡ್ಸ್' ಧಾರಾವಾಹಿಯ ಹದಿಮೂರು ಕಂತುಗಳನ್ನೂ ಒಂದೇ ದಿನ ಬಿಡುಗಡೆ ಮಾಡಿತು. ಕಾಯುವ ಕಷ್ಟ ತಪ್ಪಿತೆಂದು ಜನ ಸಂತೋಷಪಟ್ಟರು. ಈ ಪದ್ಧತಿ ಹರಡಿತು. ತಪ್ಪಿದ್ದು ಕಾಯುವ ಕಷ್ಟ ಮಾತ್ರವಲ್ಲ. ಆ ವಾರ, ಆ ಬಿಟ್ಟ ಸ್ಥಳ, ಅದರೊಡನೆ ಹೋಯಿತು. ಒಬ್ಬ ಎರಡನೆಯ ಕಂತಿನಲ್ಲಿದ್ದಾನೆ, ಇನ್ನೊಬ್ಬ ಹದಿಮೂರನ್ನೂ ಮುಗಿಸಿದ್ದಾನೆ, ಮೂರನೆಯವನಿಗೆ ಅವನ ಪರದೆ ಬೇರೆಯೇ ಏನನ್ನೋ ಮುಂದಿಟ್ಟಿದೆ. ಇವರು ಮೂವರೂ ಸಂಜೆ ಸೇರಿದರೆ ಏನು ಮಾತನಾಡಬೇಕು? ನಮ್ಮ ತರುಣ ಮಿತ್ರ ಒಂದು ಸಲ ಹೇಳಿದ: 'ರಾತ್ರಿಯೆಲ್ಲ ಕೂತು ಒಂದು ಧಾರಾವಾಹಿ ಮುಗಿಸಿದೆ. ಬೆಳಗಾಯಿತು. ಬಹಳ ಚೆನ್ನಾಗಿತ್ತು. ಯಾರಿಗೆ ಹೇಳಬೇಕೆಂದೇ ತಿಳಿಯಲಿಲ್ಲ.' ಅವನು ಅದನ್ನು ನಗುತ್ತಲೇ ಹೇಳಿದ. ನಮ್ಮಲ್ಲಿ ಯಾರೂ ನಗಲಿಲ್ಲ.

ಈಗ ಬಿಟ್ಟ ಸ್ಥಳವನ್ನು ತುಂಬಿಕೊಡುವ ವ್ಯಾಪಾರವೂ ಬೆಳೆದಿದೆ. ಚಿತ್ರದ ಕೊನೆಯ ಅರ್ಥವೇನು, ಆಟದ ಗುಟ್ಟೇನು ಎಂದು ವಿವರಿಸುವ ವಿಡಿಯೊಗಳು ಚಿತ್ರ ಬಂದ ದಿನವೇ ಬರುತ್ತವೆ. ಅವುಗಳಲ್ಲಿ ಕೆಲವು ಜಾಣತನದಿಂದ ಕೂಡಿದವು ಎಂಬುದನ್ನು ಒಪ್ಪುತ್ತೇನೆ. ಆದರೆ ಉತ್ತರಪತ್ರಿಕೆಯನ್ನು ಓದುವುದು ಬೇರೆ, ಪ್ರಶ್ನೆಗೆ ಉತ್ತರಿಸುವುದು ಬೇರೆ. ಸಮಾಧಾನಕ್ಕೆ ಕಾರಣವೂ ಇಲ್ಲದಿಲ್ಲ. ಕೆಲವು ಸಂಸ್ಥೆಗಳು ಮತ್ತೆ ವಾರಕ್ಕೊಂದು ಕಂತಿನ ಪದ್ಧತಿಗೆ ಬಂದಿವೆ. 2019ರಲ್ಲಿ ಡಿಸ್ನಿ ಸಂಸ್ಥೆ ತನ್ನ 'ಮ್ಯಾಂಡಲೋರಿಯನ್' ಧಾರಾವಾಹಿಯನ್ನು ಹಾಗೆಯೇ ಕಂತು ಕಂತಾಗಿ ಕೊಟ್ಟಿತು. ವ್ಯಾಪಾರದ ಬುದ್ಧಿಗೂ ಆ ಏಳು ದಿನಗಳ ಬೆಲೆ ತಿಳಿದಿದೆಯೆಂದಾಯಿತು. 2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಹಾಕಿಕೊಂಡಿದ್ದಾಗ ದೂರದರ್ಶನ ಹಳೆಯ 'ರಾಮಾಯಣ'ವನ್ನು ಮತ್ತೆ ಪ್ರಸಾರ ಮಾಡಿತು. ಬೇರೆ ಬೇರೆ ಮನೆಗಳಲ್ಲಿ ಬಂದಿಯಾಗಿದ್ದ ಜನ ಒಂದೇ ಹೊತ್ತಿಗೆ ಒಂದೇ ಕಥೆ ನೋಡಿ, ದೂರವಾಣಿಯಲ್ಲಿ ಒಬ್ಬರಿಗೊಬ್ಬರು ಅದರ ಮಾತನ್ನಾಡಿದರು. ಕಥೆ ಅವರಿಗೆ ಆಗಲೂ ಗೊತ್ತಿದ್ದದ್ದೇ.

ಆದ್ದರಿಂದ ಹಿರಿಯರಲ್ಲಿ ನನ್ನ ಬಿನ್ನಹ ಇಷ್ಟೆ. ಮಕ್ಕಳು ಆಟ ಆಡುವುದಕ್ಕೆ, ಧಾರಾವಾಹಿ ನೋಡುವುದಕ್ಕೆ ನೀವು ಹೊತ್ತು ಗೊತ್ತು ಮಾಡಿ. ಅದು ನಿಮ್ಮ ಅಧಿಕಾರ. ಅದರ ಮೇಲೆ ಅವರು ಆಡುವ ಮಾತಿಗೆ ಮಾತ್ರ ಅಡ್ಡಿ ಮಾಡಬೇಡಿ. ಸಾಧ್ಯವಾದರೆ ಪಕ್ಕದಲ್ಲಿ ಕುಳಿತು ಒಂದು ಪ್ರಶ್ನೆ ಕೇಳಿ. 'ಇದರಿಂದ ಏನು ಉಪಯೋಗ' ಎಂಬ ಪ್ರಶ್ನೆ ಬೇಡ. 'ಅವನು ಹಾಗೇಕೆ ಮಾಡಿದ' ಎಂದು ಕೇಳಿ. ಉತ್ತರ ಹೇಳಲು ಹುಡುಗ ಒಂದು ಗಳಿಗೆ ಯೋಚಿಸುತ್ತಾನೆ. ಆ ಗಳಿಗೆಯಲ್ಲಿ ಅವನು ಪರದೆಯನ್ನು ನೋಡುತ್ತಿರುವುದಿಲ್ಲ.